ಎಂಎಸ್ಸಿ ಫಿಸಿಕ್ಸ್‌ಗೆ ಹೊರಟವರಿಗೆ: 'ಕ್ವಾಂಟಂ' ಪೇಪರ್ ಕಷ್ಟ ಯಾಕೆ, ಏನು ಓದಿಕೊಂಡು ಹೋಗಬೇಕು?

ತಾಲ್ಲೂಕಿನ ಡಿಗ್ರಿ ಕಾಲೇಜಲ್ಲಿ ಬಿಎಸ್ಸಿ ಮುಗಿಸಿ ಯೂನಿವರ್ಸಿಟಿಗೆ ಎಂಎಸ್ಸಿ ಫಿಸಿಕ್ಸ್ ಓದಲು ಹೋದವರಲ್ಲಿ ಹಲವರು ಎಡವೋದು ಕ್ವಾಂಟಂ ಮೆಕ್ಯಾನಿಕ್ಸ್ ಪೇಪರ್‌ನಲ್ಲಿ. ಮೊದಲ ಇಂಟರ್ನಲ್‌ನಲ್ಲಿ ಅಂಕ ಬರದಿದ್ದರೆ ಮನೆಯಲ್ಲೂ ಗಾಬರಿ. 'ಬಿಟ್ಟು ಬಾ, ಬಿಎಡ್ ಮಾಡು' ಅನ್ನೋ ಮಾತು ಶುರುವಾಗುತ್ತೆ. ಹಾಗೆ ತೀರ್ಮಾನ ಮಾಡುವ ಮುಂಚೆ ಈ ಪೇಪರ್‌ನಲ್ಲಿ ಏನಿದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಎಲೆಕ್ಟ್ರಾನ್, ಪರಮಾಣುಗಳಂಥ ತೀರಾ ಸಣ್ಣ ವಸ್ತುಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಲೆಕ್ಕ ಹಾಕುವ ಶಾಸ್ತ್ರ ಇದು. 1925ರಲ್ಲಿ ಹೈಸನ್‌ಬರ್ಗ್, 1926ರಲ್ಲಿ ಶ್ರೋಡಿಂಗರ್ ಇದಕ್ಕೆ ಈಗಿನ ರೂಪ ಕೊಟ್ಟರು. ಅಂಗಡಿಯ ಎಲ್‌ಇಡಿ ಬಲ್ಬು, ಬಿಲ್ ಹಾಕುವಾಗ ಬಾರ್‌ಕೋಡ್ ಮೇಲೆ ಬೀಳುವ ಕೆಂಪು ಲೇಸರ್ ಗೆರೆ, ಮೊಬೈಲ್ ಒಳಗಿನ ಚಿಪ್, ಇವೆಲ್ಲ ಕೆಲಸ ಮಾಡುವುದು ಇದೇ ನಿಯಮಗಳಿಂದ.

ಬಿಎಸ್ಸಿಯಲ್ಲಿ ಇದು ಸ್ವಲ್ಪವೇ ಬರುತ್ತದೆ. ಡಬ್ಬಿಯೊಳಗಿನ ಕಣ, ಹೈಡ್ರೋಜನ್ ಪರಮಾಣು, ಅಷ್ಟರಲ್ಲಿ ಪರೀಕ್ಷೆ. ಎಂಎಸ್ಸಿಗೆ ಹೋದ ಕೂಡಲೇ ಭಾಷೆಯೇ ಬದಲಾಗುತ್ತೆ. ಕಣದ ಸ್ಥಿತಿಯನ್ನು ವೆಕ್ಟರ್ ಅಂತ, ಅಳೆಯುವ ಪ್ರತಿಯೊಂದು ಗುಣವನ್ನೂ ಆಪರೇಟರ್ ಅಂತ ಬರೆಯುತ್ತಾರೆ. ಬ್ರಿಟನ್ನಿನ ಡಿರಾಕ್ ಕೊಟ್ಟ 'ಬ್ರಾ', 'ಕೆಟ್' ಚಿಹ್ನೆಗಳು ಬೋರ್ಡ್ ತುಂಬಾ ಇರುತ್ತವೆ. ಎಲೆಕ್ಟ್ರಾನಿನ ಸ್ಪಿನ್ ಲೆಕ್ಕಕ್ಕೆ ಎರಡು ಸಾಲು, ಎರಡು ಕಾಲಂನ ಮ್ಯಾಟ್ರಿಕ್ಸ್ ಸಾಕು. ಆದರೆ ಪಿಯುಸಿಯಿಂದ ಮ್ಯಾಟ್ರಿಕ್ಸ್ ಗುಣಿಸುತ್ತಾ ಬಂದವರಿಗೂ ಐಗನ್‌ವ್ಯಾಲ್ಯೂ ಯಾಕೆ ಬೇಕು ಅಂತ ಯಾರೂ ಹೇಳಿರುವುದಿಲ್ಲ. ಅಳತೆ ಮಾಡಿದಾಗ ಸಿಗಬಹುದಾದ ಉತ್ತರಗಳೇ ಐಗನ್‌ವ್ಯಾಲ್ಯೂಗಳು. ಇಷ್ಟು ಗೊತ್ತಿದ್ದರೆ ಅರ್ಧ ದಿಗಿಲು ಹೋಗುತ್ತೆ.

ಮುಂದಿನದು ಅಂದಾಜಿನ ವಿದ್ಯೆ. ಹೈಡ್ರೋಜನ್‌ನಲ್ಲಿ ಒಂದೇ ಎಲೆಕ್ಟ್ರಾನ್, ಸಮೀಕರಣವನ್ನು ಪೂರ್ತಿ ಬಿಡಿಸಬಹುದು. ಹೀಲಿಯಂನಲ್ಲಿ ಎರಡಿವೆ, ಒಂದನ್ನೊಂದು ತಳ್ಳುತ್ತವೆ. ಆ ತಳ್ಳಾಟ ಇಲ್ಲ ಅಂದುಕೊಂಡರೆ ಒಟ್ಟು ಶಕ್ತಿ ಮೈನಸ್ 108.8 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ (ಪರಮಾಣುಗಳ ಶಕ್ತಿ ಅಳೆಯುವ ಮಾನ ಅದು). ಪ್ರಯೋಗದಲ್ಲಿ ಸಿಕ್ಕಿರೋದು ಮೈನಸ್ 79. ಬಹಳ ವ್ಯತ್ಯಾಸ. ತಳ್ಳಾಟವನ್ನು ತಿದ್ದುಪಡಿಯಾಗಿ ಸೇರಿಸಿದರೆ ಮೈನಸ್ 74.8 ಆಗುತ್ತದೆ. ಇದು ಪರ್ಟರ್ಬೇಷನ್ ವಿಧಾನ. ಒಂದು ಎಲೆಕ್ಟ್ರಾನ್ ಇನ್ನೊಂದಕ್ಕೆ ಅಡ್ಡ ನಿಲ್ಲುವುದರಿಂದ ನ್ಯೂಕ್ಲಿಯಸ್ಸಿನ 2 ಚಾರ್ಜ್‌ನಲ್ಲಿ ಸುಮಾರು 1.69 ಮಾತ್ರ ತಾಗುತ್ತದೆ ಎಂದು ಹಿಡಿದು ಲೆಕ್ಕ ಮಾಡಿದರೆ ಮೈನಸ್ 77.5. ಇದು ವೇರಿಯೇಷನಲ್ ವಿಧಾನ. ಈ ಒಂದು ಲೆಕ್ಕವನ್ನು ಕೈಯಾರೆ ಮಾಡಿದವರಿಗೆ ಮುಂದಿನ ಪಾಠಗಳು ಅಪರಿಚಿತ ಅನ್ನಿಸೋದಿಲ್ಲ. ಆಮೇಲೆ ಸ್ಕ್ಯಾಟರಿಂಗ್, ಕೊನೆಗೆ ಡಿರಾಕ್ ಸಮೀಕರಣ ಇವೆ.

ಶುರು ಮಾಡಲು ಗ್ರಿಫಿತ್ಸ್ ಪುಸ್ತಕ ಸಾಕು. ಮ್ಯಾಥ್ಯೂಸ್ ಮತ್ತು ವೆಂಕಟೇಶನ್ ಬರೆದದ್ದು ನಮ್ಮ ದೇಶದ್ದೇ. ಸಕುರಾಯ್ ಪುಸ್ತಕವನ್ನು ಮೊದಲ ದಿನವೇ ಹಿಡಿದರೆ ಕೈ ಸುಡುತ್ತೆ, ಅದು ಆಮೇಲೆ. ಮದ್ರಾಸ್ ಐಐಟಿಯ ವಿ. ಬಾಲಕೃಷ್ಣನ್ ಅವರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಎಲ್ಲವೂ ಇಂಗ್ಲಿಷ್. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲೇ ನೋಟ್ಸ್ ಬರೆದುಕೊಂಡರೆ ಯಾರೂ ಬೇಡ ಅನ್ನಲ್ಲ, ಪರೀಕ್ಷೆಗೆ ಮಾತ್ರ ಇಂಗ್ಲಿಷ್ ಪದ ಗೊತ್ತಿರಬೇಕು. ಬಿಎಸ್ಸಿ ಮುಗಿದು ಎಂಎಸ್ಸಿ ಸೀಟು ಸಿಗುವ ತನಕ ಸಿಗುವ ರಜೆಯಲ್ಲಿ ಲೀನಿಯರ್ ಆಲ್ಜೀಬ್ರಾ ಒಂದನ್ನೇ ಗಟ್ಟಿ ಮಾಡಿಕೊಂಡರೂ ಸಾಕು.

ಇನ್ನು ಅಪ್ಪ ಅಮ್ಮ ಕೇಳುವ ಪ್ರಶ್ನೆ: ಓದಿ ಏನು ಕೆಲಸ? ಪಿಯು ಉಪನ್ಯಾಸಕರಾಗಲು ಎಂಎಸ್ಸಿ ಜೊತೆ ಬಿಎಡ್ ಬೇಕು. ಡಿಗ್ರಿ ಕಾಲೇಜಿಗಾದರೆ ನೆಟ್ ಅಥವಾ ಕೆಸೆಟ್. ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕಿ ಸಂಶೋಧನೆಗೆ ಸೇರಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಅದೇ ವರ್ಷ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ, ಕ್ವಾಂಟಂ ಕಂಪ್ಯೂಟಿಂಗ್‌ನ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ಹಾಗಂತ ಎಂಎಸ್ಸಿ ಸರ್ಟಿಫಿಕೇಟ್ ಹಿಡಿದು ಹೋದ ತಕ್ಷಣ ಕೆಲಸ ಕಾದಿರುತ್ತೆ ಅಂದುಕೊಳ್ಳಬಾರದು. ಸಂಶೋಧನೆಯ ದಾರಿ ಹಿಡಿದರೆ ಪಿಎಚ್‌ಡಿ ಸೇರಿ ಏಳೆಂಟು ವರ್ಷದ ಲೆಕ್ಕ.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗಷ್ಟೇ ಅರ್ಜಿ ಹಾಕಿ ಸುಮ್ಮನಾಗುವವರೇ ಹೆಚ್ಚು. ಜಾಮ್ ಎಂಬ ಒಂದು ಪರೀಕ್ಷೆ ಬರೆದರೆ ಐಐಟಿಗಳು, ಸುರತ್ಕಲ್‌ನ ಎನ್‌ಐಟಿಕೆ, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿ ಎಲ್ಲದಕ್ಕೂ ಪ್ರಯತ್ನಿಸಬಹುದು. ಮೂರು ಗಂಟೆ, 60 ಪ್ರಶ್ನೆ, 100 ಅಂಕ, ಕಂಪ್ಯೂಟರ್ ಮುಂದೆ ಕೂತು ಬರೆಯಬೇಕು. ಬಿಎಸ್ಸಿ ಕೊನೆಯ ವರ್ಷದಲ್ಲಿ ಇರುವವರೂ ಬರೆಯಬಹುದು. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಶುರು, ಪರೀಕ್ಷೆ ಫೆಬ್ರವರಿಯಲ್ಲಿ.