ಕರಾವಳಿಯ ಜೀಪು ಮತ್ತು ಚಾಸಿ ರಿಪೇರಿ

ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿದ ಮೇಲೆ ಈ ವಾಹನ ದೇಶದ ಹಳ್ಳಿದಾರಿಗಳಿಗೂ ಬಂತು. ಗೋವಾ ಗಡಿಗೆ ಹೊಂದಿಕೊಂಡ ಕಾರವಾರದ ಮಾಜಾಳಿಯಂಥ ಕಡಲೂರುಗಳಲ್ಲಿ ಹಳೆಯ ಜೀಪಿನ ದೊಡ್ಡ ವೈರಿ ಉಪ್ಪುಗಾಳಿ.

ಜೀಪಿನ ಅಡಿಚೌಕಟ್ಟಾದ ಚಾಸಿಯ ಎರಡು ಉದ್ದ ತೊಲೆಗಳನ್ನು ಹಿಂಬದಿಯಲ್ಲಿ ಬಿಗಿದಿಡುವುದು ಕ್ರಾಸ್ ಮೆಂಬರ್. ಟ್ರೇಲರ್ ಎಳೆಯುವ ಕೊಕ್ಕೆಯ ಜಗ್ಗಾಟವೂ ಅದರ ಮೇಲೆಯೇ. ಉಪ್ಪುಗಾಳಿಯ ಜೊತೆಗೆ ಮಳೆಗಾಲದ ಕೆಸರೂ ಅದರೊಳಗೆ ಕೂತು ಕಬ್ಬಿಣ ತುಕ್ಕು ಹಿಡಿದರೆ, ರಿವೆಟ್ ತೂತಿನ ಅಂಚಿನಿಂದ ಬಿರುಕು ಹೊರಡುತ್ತದೆ.

ಮೂಲ ಚಾಸಿಯ ಜೋಡಣೆ ಬಹುಪಾಲು ರಿವೆಟ್‌ನದು. ಆರ್ಕ್ ವೆಲ್ಡಿಂಗ್ ಊರೂರಿಗೆ ಬಂದಾಗ ರಿಪೇರಿಯ ಕ್ರಮ ಬದಲಾಯಿತು: ತುಕ್ಕು ಕೆರೆದು, ಬಿರುಕಿನ ತುದಿಗೆ ತೂತು ಕೊರೆದು, ಬಿರುಕನ್ನು ಗ್ರೈಂಡರ್‌ನಲ್ಲಿ ತೋಡಿ, ವೆಲ್ಡಿಂಗ್ ತುಂಬಿ, ಮೇಲೆ ಪಟ್ಟಿ ಕೂರಿಸುವುದು. ತುದಿಯ ತೂತಿಲ್ಲದಿದ್ದರೆ ಬಿರುಕು ಮುಂದಕ್ಕೆ ಹರಿಯುತ್ತದೆ. ಲೋಹವೇ ತೆಳುವಾಗಿದ್ದರೆ ತೇಪೆ ನಿಲ್ಲದು. ಇಡೀ ಕ್ರಾಸ್ ಮೆಂಬರ್ ಬದಲಿಸುವುದೇ ಸರಿ.