ಕ್ರಿ.ಶ. 79: ರೋಮನ್ ಸಾಮ್ರಾಜ್ಯದ ಪ್ರಮುಖ ಘಟನೆಗಳು

ರೋಮನ್ ಸಾಮ್ರಾಜ್ಯದ ಇತಿಹಾಸದಲ್ಲಿ ಕ್ರಿ.ಶ. 79ನೇ ವರ್ಷವು ಅಧಿಕಾರ ಬದಲಾವಣೆ ಹಾಗೂ ಭೀಕರ ಪ್ರಕೃತಿ ವಿಕೋಪ ಎರಡನ್ನೂ ಕಂಡ ವರ್ಷವಾಗಿದೆ.

ಅಧಿಕಾರ ಬದಲಾವಣೆ: ಜೂನ್ ತಿಂಗಳಿನಲ್ಲಿ ಚಕ್ರವರ್ತಿ ವೆಸ್ಪೇಸಿಯನ್ ನಿಧನ ಹೊಂದಿದನು. ಆತನ ಹಿರಿಯ ಪುತ್ರ ಟೈಟಸ್ ಅಧಿಕಾರಕ್ಕೆ ಬಂದನು.

ಜ್ವಾಲಾಮುಖಿ ಸ್ಫೋಟ: ಇಟಲಿಯ ನೇಪಲ್ಸ್ ಕೊಲ್ಲಿಯ ಸಮೀಪದ ವೆಸೂವಿಯಸ್ ಪರ್ವತವು ಸ್ಫೋಟಗೊಂಡು ಪಾಂಪೇ, ಹರ್ಕ್ಯುಲೇನಿಯಂ ಮತ್ತು ಸ್ಟೇಬಿಯೆ ಪಟ್ಟಣಗಳು ಹೂತುಹೋದವು. ಸ್ಫೋಟದ ದಿನವು ಆಗಸ್ಟ್ 24 ಎಂದು ಬಹುಕಾಲ ಪರಿಗಣಿಸಲಾಗಿತ್ತು. 2018ರಲ್ಲಿ ಪಾಂಪೇಯ ಮನೆಯೊಂದರ ಗೋಡೆಯ ಮೇಲೆ ಅಕ್ಟೋಬರ್ 17ಕ್ಕೆ ಸರಿಹೊಂದುವ ದಿನಾಂಕವುಳ್ಳ ಇದ್ದಿಲಿನ ಬರಹ ದೊರೆತ ನಂತರ, ಸ್ಫೋಟವು ಅಕ್ಟೋಬರ್‌ನಲ್ಲಿ ಸಂಭವಿಸಿತೆಂಬ ವಾದಕ್ಕೆ ಬಲ ಬಂದಿದೆ.

ರಕ್ಷಣಾ ಕಾರ್ಯ: ಮಿಸೇನಂ ನೌಕಾಪಡೆಯ ಅಧಿಪತಿಯೂ ವಿದ್ವಾಂಸನೂ ಆಗಿದ್ದ ಹಿರಿಯ ಪ್ಲಿನಿಯು ಸಂತ್ರಸ್ತರ ರಕ್ಷಣೆಗಾಗಿ ಹಡಗುಗಳೊಂದಿಗೆ ತೆರಳಿ, ಸ್ಟೇಬಿಯೆಯಲ್ಲಿ ಮರಣ ಹೊಂದಿದನು. ಮಿಸೇನಂನಲ್ಲಿದ್ದು ದುರಂತವನ್ನು ಕಂಡ ಆತನ ಸೋದರಳಿಯ ಕಿರಿಯ ಪ್ಲಿನಿಯು ಮುಂದೆ ಇತಿಹಾಸಕಾರ ಟ್ಯಾಸಿಟಸ್‌ನಿಗೆ ಎರಡು ಪತ್ರಗಳಲ್ಲಿ ಇದನ್ನು ವಿವರಿಸಿದನು.

ಪರಿಹಾರ ಕ್ರಮಗಳು: ಟೈಟಸ್ ಮಾಜಿ ಉನ್ನತಾಧಿಕಾರಿಗಳನ್ನು ಚೀಟಿ ಎತ್ತುವ ಮೂಲಕ ಆಯ್ಕೆಮಾಡಿ ಪರಿಹಾರ ಕಾರ್ಯಕ್ಕೆ ನೇಮಿಸಿದನು. ವಾರಸುದಾರರಿಲ್ಲದೆ ಮೃತಪಟ್ಟವರ ಆಸ್ತಿಯನ್ನು ಹಾನಿಗೊಳಗಾದ ಪಟ್ಟಣಗಳ ಪುನರ್ನಿರ್ಮಾಣಕ್ಕೆ ಬಳಸಲಾಯಿತು. ಆದರೆ ಪಾಂಪೇ ಮತ್ತು ಹರ್ಕ್ಯುಲೇನಿಯಂ ಮತ್ತೆ ತಲೆಯೆತ್ತಲಿಲ್ಲ. ಹರ್ಕ್ಯುಲೇನಿಯಂನಲ್ಲಿ 1738ರಲ್ಲಿ ಹಾಗೂ ಪಾಂಪೇಯಲ್ಲಿ 1748ರಲ್ಲಿ ಉತ್ಖನನ ಆರಂಭವಾಯಿತು.

ಗಮನಿಸಬೇಕಾದ ಅಂಶ: ಕ್ರಿ.ಶ. 62ರ ಸುಮಾರಿಗೆ ಸಂಭವಿಸಿದ ಭೂಕಂಪದಿಂದ ಜಖಂಗೊಂಡ ಪಾಂಪೇಯ ಕಟ್ಟಡಗಳ ದುರಸ್ತಿ ಆಗಿನ್ನೂ ಮುಗಿದಿರಲಿಲ್ಲ. ಸ್ಫೋಟಕ್ಕೆ ಹಲವು ದಿನಗಳ ಮೊದಲಿನಿಂದಲೂ ನೆಲ ಕಂಪಿಸುತ್ತಿತ್ತು. ಆ ಪ್ರಾಂತ್ಯದಲ್ಲಿ ಕಂಪನವು ಸಾಮಾನ್ಯವಾಗಿದ್ದುದರಿಂದ ಜನರು ಅಷ್ಟಾಗಿ ಆತಂಕಗೊಳ್ಳಲಿಲ್ಲವೆಂದು ಕಿರಿಯ ಪ್ಲಿನಿಯ ಪತ್ರದಿಂದ ತಿಳಿದುಬರುತ್ತದೆ.