ರೋಗಿ ಹೇಳಿದ್ದು ಮೊದಲು

"ಪೆನ್ಸಿಲಿನ್ ಇಂಜೆಕ್ಷನ್ ನಂಗಾಗಲ್ಲ ಡಾಕ್ಟ್ರೇ" ಅಂತ ಅಜ್ಜಿ ಹೋದಲ್ಲೆಲ್ಲ ಹೇಳ್ತಿದ್ದಳು. ಅವಳ ಪ್ಲಾಸ್ಟಿಕ್ ಕವರಿನಲ್ಲಿ ಇಪ್ಪತ್ತು ವರ್ಷದ ಚೀಟಿಗಳಿದ್ದವು, ಈ ಮಾತು ಮಾತ್ರ ಒಂದರಲ್ಲೂ ಇರಲಿಲ್ಲ. ಜ್ವರಕ್ಕೆ ಎಚ್ಚರ ತಪ್ಪಿದ ದಿನ ಅದನ್ನೇ ಚುಚ್ಚಿದರು. ಬದುಕಿದ್ದು ಪುಣ್ಯ.

ಕಡತ ದಪ್ಪಗಿದ್ದೂ ಉಪಯೋಗಕ್ಕೆ ಬಾರದ ಈ ಗೋಳು ಅಮೆರಿಕದ ಆಸ್ಪತ್ರೆಗಳಲ್ಲೂ ಇತ್ತು. ಲ್ಯಾಬಿನ ಹಾಳೆ ಒಂದು ಕಡೆ, ಎಕ್ಸ್‌ರೇ ವರದಿ ಇನ್ನೊಂದು ಕಡೆ. 1968ರಲ್ಲಿ ಲಾರೆನ್ಸ್ ವೀಡ್ ಎಂಬ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬೇರೆ ದಾರಿ ತೋರಿಸಿದರು: ಮೊದಲು ರೋಗಿಯ ಸಮಸ್ಯೆಗಳನ್ನು ಪಟ್ಟಿ ಮಾಡಿ, ಉಳಿದಿದ್ದನ್ನೆಲ್ಲ ಅದಕ್ಕೆ ಜೋಡಿಸಿ. ಅವರ ಪದ್ಧತಿಯಿಂದ ಬಂದ ‘ಸೋಪ್’ ಟಿಪ್ಪಣಿಯಲ್ಲಿ ನಾಲ್ಕು ಭಾಗ: ರೋಗಿ ಹೇಳಿದ್ದು, ಪರೀಕ್ಷೆಯಲ್ಲಿ ಕಂಡದ್ದು, ವೈದ್ಯರ ಅಂದಾಜು, ಮುಂದಿನ ಯೋಜನೆ. 1970ರ ದಶಕದಲ್ಲೇ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ವೀಡ್ ತಂಡ ಇದನ್ನು ಟಚ್‌ಸ್ಕ್ರೀನ್ ಕಂಪ್ಯೂಟರಿಗೆ ತಂದಿತ್ತು. ಹೆಸರು ‘ಪ್ರಾಮಿಸ್’.

ಟಚ್‌ಸ್ಕ್ರೀನ್‌ಗಿಂತ ನನಗೆ ದೊಡ್ಡದಾಗಿ ಕಾಣೋದು ಆ ನಾಲ್ಕರ ಕ್ರಮ. ರೋಗಿಯ ಮಾತಿಗೇ ಮೊದಲ ಜಾಗ.

ಈಗ ನಾನೂ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೀತೀನಿ. ನಮ್ಮ ಫಾರಂ ಅಲರ್ಜಿಯ ಕಾಲಂ ಖಾಲಿ ಬಿಟ್ಟರೂ ಸೇವ್ ಆಗ್ತಿತ್ತು. ಹೋದ ತಿಂಗಳು ಅದನ್ನು ಕಡ್ಡಾಯ ಮಾಡಿದೆ. ಬದಲಾಯಿಸಿದ್ದು ಒಂದೇ ಸಾಲು ಕೋಡ್.